ಹೆಣ್ಣಿನ ನಗೆ: ಆಧುನಿಕ ಸ್ತ್ರೀವಾದಿ ಬರಹದಲ್ಲಿ ಹಾಸ್ಯವೂ ಸ್ವಾನುಭವವೂ

ಭರತಮುನಿಯ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹಾಸ್ಯರಸದ ವಿವೇಚನೆ ಬರುತ್ತದೆ. ನಗೆಯಲ್ಲಿ ಆರು ಬಗೆಗಳನ್ನು ಅಲ್ಲಿ ಎಣಿಸಿದೆ. ಹಲ್ಲು ಕಾಣದ ಮುಗುಳುನಗೆಯಾದ ಸ್ಮಿತದಿಂದ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ಪಕ್ಕೆ ಹಿಡಿದುಕೊಂಡು ನಗುವ ಅತಿಹಸಿತದವರೆಗೆ ಅವು ಮೆಟ್ಟಲು ಮೆಟ್ಟಲಾಗಿ ಸಾಗುತ್ತವೆ. ಮೊದಲಿನ ಎರಡು ಉತ್ತಮರಿಗೆ, ನಡುವಣ ಎರಡು ಮಧ್ಯಮರಿಗೆ, ಕೊನೆಯ ಎರಡು ಅಧಮರಿಗೆ ಎಂದು ಹಂಚಿಕೆಯೂ ಆಗಿದೆ. ಇದರೊಡನೆ ಇನ್ನೊಂದು ಮಾತು ಸೇರಿದೆ. ಈ ರಸವು ಹೆಚ್ಚಾಗಿ ಕಾಣಬರುವುದು ಸ್ತ್ರೀಯರಲ್ಲಿ ಮತ್ತು ನೀಚ ಪ್ರಕೃತಿಯವರಲ್ಲಿ ಎಂಬುದೇ ಆ ಮಾತು.

ಇದು ಹಳೆಯವರ ಅಭಿಪ್ರಾಯವಾಯಿತು. ಇನ್ನು ನಮ್ಮ ಕಾಲದವರು ಏನೆನ್ನುತ್ತಾರೆ? ಹೆಂಗಸರಿಗೆ ಹಾಸ್ಯಪ್ರಜ್ಞೆ ಕಡಮೆ, ಅವರು ಬರೆದುದೆಲ್ಲ ಗೋಳು, ಅದರಲ್ಲೂ ಸ್ತ್ರೀವಾದಿಗಳೆಂದರೆ ಮುಖ ಗಂಟಿಕ್ಕಿಕೊಂಡವರು ಎನ್ನುತ್ತಾರೆ. ಈ ಮಾತನ್ನು ನಾವೆಲ್ಲರೂ ಚರ್ಚಾಸ್ಪರ್ಧೆಗಳಲ್ಲಿ ಕೇಳಿದ್ದೇವೆ. ಹೆಣ್ಣು ಅತಿಯಾಗಿ ನಗುತ್ತಾಳೆಂದು ಒಂದು ಕಾಲ ದೂರಿತು, ನಗಲಾರಳೆಂದು ಮತ್ತೊಂದು ಕಾಲ ದೂರುತ್ತಿದೆ. ಎರಡೂ ಏಕಕಾಲಕ್ಕೆ ನಿಜವಾಗಲಾರವು. ಹೀಗಿರಲು, ಹೆಣ್ಣು ನಿಜವಾಗಿ ಹೇಗೆ ನಕ್ಕಿದ್ದಾಳೆ, ಯಾವುದನ್ನು ಕುರಿತು ನಕ್ಕಿದ್ದಾಳೆ, ಆ ನಗೆಗೂ ಅವಳ ಸ್ವಂತ ಬಾಳಿಗೂ ಏನು ಸಂಬಂಧ ಎಂಬುದನ್ನು ಕನ್ನಡದ ಕೆಲವು ಲೇಖಕಿಯರ ಬರಹದಿಂದ ನೋಡುವುದು ಈ ಲೇಖನದ ಉದ್ದೇಶ. ಸ್ತ್ರೀವಾದವೆಂಬ ಪದವನ್ನು ನಾನು ಇಲ್ಲಿ ಸರಳಾರ್ಥದಲ್ಲಿ ಬಳಸುತ್ತೇನೆ: ಹೆಣ್ಣೂ ಗಂಡಿನಷ್ಟೇ ಮನುಷ್ಯಳು, ಅವಳ ಬಾಳಿನ ಲೆಕ್ಕವನ್ನು ಅವಳೇ ಹೇಳಬೇಕು ಎನ್ನುವ ನಿಲುವು.

ಮೊದಲು ಬಾಯಿಮಾತಿನ ಸಾಹಿತ್ಯವನ್ನು ನೆನೆಯೋಣ. 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಸಂಗ್ರಹವನ್ನು ಹೊರತಂದಾಗ, ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಎಂಥ ಕವಿಗಳೆಂಬುದು ಓದುಬಲ್ಲವರಿಗೆ ಗೊತ್ತಾಯಿತು. ತವರಿನ ಹಂಬಲ, ಅತ್ತೆಯ ಮನೆಯ ಕಷ್ಟ ಅಲ್ಲಿವೆ. ಆದರೆ ನಮ್ಮ ಹಳ್ಳಿಗಳ ಹೆಂಗಸರ ಹಾಡೆಲ್ಲ ಅಳುವೆಂದು ತಿಳಿಯಬಾರದು. ಮದುವೆಯ ಚಪ್ಪರದಲ್ಲಿ ಬೀಗರನ್ನು ಜರೆಯುವ ಹಾಡುಗಳನ್ನು ಕೇಳಿದವರಿಗೆ ಇದು ಗೊತ್ತು. ಗಂಡಿನ ಕಡೆಯವರ ಹೊಟ್ಟೆಬಾಕತನ, ಬೀಗಿತ್ತಿಯ ಠೀವಿ, ಮದುವಣಿಗನ ಮೂಗು, ಯಾವುದನ್ನೂ ಅವು ಬಿಡುವುದಿಲ್ಲ. ಹೆಣ್ಣು ಕೊಟ್ಟವರು ತಲೆ ತಗ್ಗಿಸಿ ನಿಲ್ಲಬೇಕಾದ ದಿನವೇ ಅವರ ಮನೆಯ ಹೆಂಗಸರು ಗಂಡಿನ ಕಡೆಯವರನ್ನು ಮೂದಲಿಸಿ ಹಾಡುತ್ತಾರೆ, ಮೂದಲಿಸಿಕೊಂಡವರೂ ನಗಲೇಬೇಕು. ಆದರೆ ಆ ಪರವಾನಗಿ ಚಪ್ಪರ ಇಳಿಸುವವರೆಗೆ ಮಾತ್ರ. ಮರುದಿನ ಅದೇ ಮಾತನ್ನು ಸೊಸೆ ಅತ್ತೆಯ ಮನೆಯಲ್ಲಿ ಆಡಿದರೆ ಅದು ಹಾಸ್ಯವೆನಿಸದೆ ಉದ್ಧಟತನವಾಗುತ್ತದೆ. ಒಂದು ದಿನದ ಈ ಪರವಾನಗಿಯನ್ನು ವರ್ಷವಿಡೀ ಸಲ್ಲುವಂತೆ ಮಾಡಿದ್ದೇ ಲೇಖಕಿಯರ ಸಾಧನೆ ಎಂದರೆ ತಪ್ಪಾಗಲಾರದು.

ಅಚ್ಚಿನ ಲೋಕಕ್ಕೆ ಬರುವಾಗ ಹೆಣ್ಣಿಗೆ ಮೊದಲು ನಗೆ ಒದಗಲಿಲ್ಲವೆಂಬುದು ನಿಜ. ನಂಜನಗೂಡಿನ ತಿರುಮಲಾಂಬ (1887–1982) ಬಾಲ್ಯದಲ್ಲೇ ವಿಧವೆಯಾದವರು. 1913ರಲ್ಲಿ ಸತೀ ಹಿತೈಷಿಣೀ ಗ್ರಂಥಮಾಲೆಯನ್ನು ಆರಂಭಿಸಿ 'ಸುಶೀಲೆ' ಕಾದಂಬರಿಯನ್ನು ಹೊರತಂದರು. ವಿಧವೆಯೊಬ್ಬಳು ಲೇಖಕಿಯೂ ಪ್ರಕಾಶಕಿಯೂ ಆಗುವುದೇ ಆ ಕಾಲಕ್ಕೆ ದೊಡ್ಡ ಸಾಹಸ. ಅದರ ಮೇಲೆ ನಗಲೂ ಹೊರಟಿದ್ದರೆ ಪುಸ್ತಕವನ್ನು ಯಾರು ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದರು? ಕೊಡಗಿನ ಗೌರಮ್ಮ (1912–1939) ತಮ್ಮ ಕಥೆಗಳಿಗೆ 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂದು ಸಹಿ ಹಾಕುತ್ತಿದ್ದರು. 'ಅಪರಾಧಿ ಯಾರು?' ಎಂದು ಕೇಳುವ ಧೈರ್ಯವಿದ್ದ ಲೇಖಕಿಗೂ ಪತಿಯ ಹೆಸರಿನ ನೆರಳು ಬೇಕಾಗಿತ್ತು. ಸ್ವಾನುಭವವನ್ನು ಬರೆಯುವವರಿಗೆ ಒಂದು ಮರೆ ಬೇಕಾಗುತ್ತದೆ. ಅದು ಪತಿಯ ಹೆಸರಾಗಬಹುದು, ಕಾವ್ಯನಾಮವಾಗಬಹುದು, ನಗೆಯೂ ಆಗಬಹುದು.

ನಗೆಯನ್ನೇ ಮರೆಯಾಗಿ ಹಿಡಿದವರು ಟಿ. ಸುನಂದಮ್ಮ (1917–2006). ಡಾ. ಎಂ. ಶಿವರಾಂ, ಅಂದರೆ ನಮ್ಮ 'ರಾಶಿ', 1942ರಲ್ಲಿ ಬೆಂಗಳೂರಿನಲ್ಲಿ 'ಕೊರವಂಜಿ' ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದರು. 1967ರವರೆಗೆ ಅದು ನಡೆಯಿತು. ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳೂ ಅದರಲ್ಲಿ ಬಂದವು. ಆ ಪತ್ರಿಕೆಯ ಪುಟಗಳಲ್ಲಿ ಸುನಂದಮ್ಮನವರು ಮನೆಯೊಳಗಿನ ಸಂಸಾರವನ್ನು ಹಾಸ್ಯಕ್ಕೆ ತಂದರು. ಹೊರಗೆ ಅಧಿಕಾರದಿಂದ ಮೆರೆಯುವ ಗಂಡಸು ತನ್ನ ಮನೆಯಲ್ಲಿ ಹೇಗೆ ಕಾಣುತ್ತಾನೆಂಬುದನ್ನು ಬಲ್ಲವಳು ಹೆಂಡತಿಯೊಬ್ಬಳೇ. ಆ ನೋಟ ಪುರುಷ ಹಾಸ್ಯಗಾರರಿಗೆ ದಕ್ಕುವಂಥದಲ್ಲ. ಅವರ ಒಂದು ಪುಸ್ತಕದ ಹೆಸರು 'ಜಂಬದ ಚೀಲ'. ವ್ಯಾನಿಟಿ ಬ್ಯಾಗಿಗೆ ಕನ್ನಡದಲ್ಲಿ ಬಳಕೆಗೆ ಬಂದ ಈ ಪದದಲ್ಲಿ ಹೆಣ್ಣನ್ನು ಚುಚ್ಚುವ ಒಂದು ಮೊನೆಯಿದೆ. ಗಂಡಸಿನ ಜೇಬನ್ನು ಯಾರೂ ಜಂಬದ ಜೇಬೆನ್ನುವುದಿಲ್ಲ. ಚುಚ್ಚುವ ಪದವನ್ನೇ ಎತ್ತಿಕೊಂಡು ಲೇಖಕಿ ತನ್ನ ಪುಸ್ತಕದ ಮುಖಪುಟಕ್ಕೆ ಹಾಕಿಕೊಂಡರೆ ಆ ಮೊನೆ ಮುರಿಯುತ್ತದೆ. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆಯಾದವರು ಇದೇ ಹಾಸ್ಯಲೇಖಕಿ. ಸ್ತ್ರೀವಾದಿಗಳಿಗೆ ನಗಲು ಬಾರದೆನ್ನುವವರು ಈ ಸಂಗತಿಯನ್ನು ಗಮನಿಸಬೇಕು.

ಲೇಖಕಿಯರ ಬರಹವನ್ನು 'ಅಡಿಗೆಮನೆ ಸಾಹಿತ್ಯ'ವೆಂದು ಹಗುರಾಗಿ ಕಂಡವರಿದ್ದರು. ಅಡಿಗೆಮನೆಯಲ್ಲಿ ಸಾಹಿತ್ಯಕ್ಕೆ ಯೋಗ್ಯವಾದುದೇನೂ ನಡೆಯುವುದಿಲ್ಲವೆಂಬ ನಂಬಿಕೆ ಇದರ ಹಿಂದಿದೆ. ಮೂರು ಹೊತ್ತು ಅಲ್ಲಿಂದ ಬಂದುದನ್ನು ಉಂಡವರೇ ಹೀಗೆಂದರೆಂಬುದು ಸ್ವತಃ ಒಂದು ಹಾಸ್ಯ. ಡಾ. ವಿಜಯಾ ಅವರು ತಮ್ಮ ನೋವಿನ ಆತ್ಮಕಥೆಗೆ 'ಕುದಿ ಎಸರು' ಎಂದು ಹೆಸರಿಟ್ಟರು. ಅದಕ್ಕೆ 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅಡಿಗೆಮನೆಯ ಮಾತು ಅಕಾಡೆಮಿಯ ವೇದಿಕೆಗೆ ಏರಿದ್ದು ಹೀಗೆ.

ಇನ್ನು ಸ್ವಾನುಭವದ ಪ್ರಶ್ನೆ. ನಮ್ಮ ಬಾಳು ನಮ್ಮೊಬ್ಬರದೇ ಅಲ್ಲ. ಅದರಲ್ಲಿ ತಾಯಿ, ಅತ್ತಿಗೆ, ನೆರೆಮನೆಯವರು ಎಲ್ಲರೂ ಇದ್ದಾರೆ. ಅವರ ಗುಟ್ಟನ್ನು ಬರೆಯುವ ಹಕ್ಕು ನಮಗುಂಟೆ? 1945ರಲ್ಲಿ ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರ ಕಾವ್ಯನಾಮದ ಹಿಂದೆ ಈ ಪ್ರಶ್ನೆಯೇ ಇದೆ. ಅವರು 'ಸುಧಾ' ವಾರಪತ್ರಿಕೆಗೆ ಒಂದು ಕಥೆ ಕಳುಹಿಸಿದರು. ಅದರಲ್ಲಿ ನಿಜಜೀವನದ ಸಂಗತಿ ಇದ್ದುದರಿಂದ ಆಮೇಲೆ ಅಳುಕಿ, ಪ್ರಕಟಿಸಬೇಡಿರೆಂದು ಕೇಳಿಕೊಂಡರು. ಸಂಪಾದಕರು ಕಥೆಯನ್ನು ಬಿಡಲಿಲ್ಲ, ಲೇಖಕಿಯ ಹೆಸರನ್ನು 'ವೈದೇಹಿ' ಎಂದು ಬದಲಿಸಿ ಅಚ್ಚುಹಾಕಿದರು. ಕನ್ನಡಕ್ಕೆ ಒಬ್ಬ ದೊಡ್ಡ ಲೇಖಕಿಯ ಹೆಸರು ದೊರೆತದ್ದು ಒಂದು ಹಿಂಜರಿಕೆಯಿಂದ! ಅವರ ಕಥೆಗಳಲ್ಲಿ ಬರುವ ಅಕ್ಕುವನ್ನು ಮನೆಯವರು ಹುಚ್ಚಿಯೆಂದು ನಗುತ್ತಾರೆ. ಓದುತ್ತ ಹೋದಂತೆ ನಗೆಯ ದಿಕ್ಕು ಬದಲಾಗುತ್ತದೆ. ಬುದ್ಧಿವಂತರೆನಿಸಿಕೊಂಡವರು ಬಚ್ಚಿಟ್ಟುದನ್ನು ಆಡಿಬಿಡುವ ಸ್ವಾತಂತ್ರ್ಯ ಆ ಮನೆಯಲ್ಲಿ ಹುಚ್ಚಿಯೊಬ್ಬಳಿಗೇ ಇದೆಯೆಂಬುದು ನಮಗೆ ಹೊಳೆಯುತ್ತದೆ. ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ವಿಂಗಡಿಸಿದ್ದಾನೆ. ತಾನು ನಕ್ಕರೆ ಆತ್ಮಸ್ಥ, ಇತರರನ್ನು ನಗಿಸಿದರೆ ಪರಸ್ಥ. ಅಕ್ಕುವಿನಂಥವರನ್ನು ಕಂಡಾಗ ಮೂರನೆಯ ಪ್ರಶ್ನೆಯೊಂದನ್ನೂ ಸೇರಿಸಿಕೊಳ್ಳಬೇಕೆನಿಸುತ್ತದೆ: ನಗೆ ಯಾರ ಮೇಲೆ ಬೀಳುತ್ತದೆ?

ಈ ಪ್ರಶ್ನೆಗೆ ಬಾನು ಮುಷ್ತಾಕ್ ಅವರ ಕಥೆಗಳು ಉತ್ತರ ಕೊಡುತ್ತವೆ. 1948ರಲ್ಲಿ ಹಾಸನದಲ್ಲಿ ಹುಟ್ಟಿದ ಇವರು ವಕೀಲರು, ಬಂಡಾಯ ಸಾಹಿತ್ಯ ಚಳವಳಿಯೊಡನೆ ಬೆಳೆದವರು, 'ಲಂಕೇಶ್ ಪತ್ರಿಕೆ'ಗೆ ವರದಿ ಮಾಡಿದವರು. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ಇವರ ಹನ್ನೆರಡು ಕಥೆಗಳ ಸಂಗ್ರಹ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು, ಸಣ್ಣಕಥೆಗಳ ಸಂಗ್ರಹಕ್ಕೆ ಬಂದದ್ದೂ ಅದೇ ಮೊದಲು. ಈ ಕಥೆಗಳಲ್ಲಿ ತಲಾಖ್ ಇದೆ, ಬಡತನವಿದೆ, ಸಾವಿದೆ. ಆದರೂ ಎಷ್ಟೋ ಕಡೆ ನಗು ತಡೆಯಲಾಗುವುದಿಲ್ಲ. ಶಾಯಿಸ್ತಾಳ ಕಥೆಯ ಆರಂಭದಲ್ಲಿ ನಿರೂಪಕಿ ತನ್ನ ಗಂಡನನ್ನು ಏನೆಂದು ಕರೆಯಬೇಕೆಂದು ಪದಗಳನ್ನು ಒಂದೊಂದಾಗಿ ತೂಗುತ್ತಾಳೆ. ಯಜಮಾನನೆಂದರೆ ತಾನು ಆಳಾಗಬೇಕಾಗುತ್ತದೆಂಬುದು ಅವಳ ತಕರಾರು. ನಾವು ದಿನಕ್ಕೆ ಹತ್ತು ಸಲ 'ನಮ್ಮ ಯಜಮಾನರು' ಎನ್ನುವುದನ್ನು ಕೇಳುತ್ತೇವೆ. ಆ ಪದವನ್ನು ಅದರ ಅರ್ಥದಲ್ಲೇ ಹಿಡಿದ ಕೂಡಲೆ ಸಂಸಾರವೆಂಬ ಸಂಸ್ಥೆಯ ಲೆಕ್ಕಪುಸ್ತಕವೇ ತೆರೆದುಕೊಳ್ಳುತ್ತದೆ. ಮುಂದೆ ಆ ಕಥೆಯಲ್ಲಿ ಹೆಂಡತಿಗಾಗಿ ಮಹಲನ್ನೇ ಕಟ್ಟಿಸುವೆನೆಂದ ಗಂಡ, ಅವಳು ಸತ್ತ ಮೇಲೆ ಬಲುಬೇಗ ಇನ್ನೊಂದು ಮದುವೆಯಾಗುತ್ತಾನೆ. ಆಗ ಮೊದಲಿನ ನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಕಥೆಯಲ್ಲಿ ಗಂಡನೊಬ್ಬ ಅತ್ತಿಗೆಯ ಹೈಹೀಲ್ಡ್ ಚಪ್ಪಲಿಗೆ ಮರುಳಾಗಿ, ಅಂಥದನ್ನೇ ತನ್ನ ಗರ್ಭಿಣಿ ಹೆಂಡತಿಯ ಕಾಲಿಗೆ ತೊಡಿಸುತ್ತಾನೆ. ಅವನ ಹುಚ್ಚು ನಗೆ ತರಿಸುತ್ತದೆ, ಅವಳ ಹೆಜ್ಜೆ ಭಯ ತರಿಸುತ್ತದೆ. ಇಲ್ಲಿ ಎಲ್ಲಿಯೂ ನಗೆ ದುರ್ಬಲಳ ಮೇಲೆ ಬೀಳುವುದಿಲ್ಲ. ಲೇಖಕಿಯ ಹಾಸ್ಯಕ್ಕೂ, ಹೆಣ್ಣನ್ನು ಕುರಿತ ಹಳಸಲು ನಗೆಚಾಟಿಕೆಗೂ ಇರುವ ವ್ಯತ್ಯಾಸ ಇದು.

ಹೊರನಾಡುಗಳಲ್ಲಿಯೂ ಇದೇ ದಾರಿಯನ್ನು ಹಿಡಿದವರಿದ್ದಾರೆ. ಬಂಗಾಳದ ಬೇಗಂ ರೊಕೆಯಾ 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ 'ಸುಲ್ತಾನಾಸ್ ಡ್ರೀಮ್' ಎಂಬ ಕಥೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅಲ್ಲಿನ ನಾಡಿನಲ್ಲಿ ಗಂಡಸರು ಪರದೆಯೊಳಗೆ, ಹೆಂಗಸರು ರಾಜ್ಯಭಾರದಲ್ಲಿ. ಬೇರೇನನ್ನೂ ಅವರು ಮಾಡಲಿಲ್ಲ, ಇದ್ದುದನ್ನು ತಲೆಕೆಳಗು ಮಾಡಿದರು ಅಷ್ಟೆ. ಹೆಣ್ಣಿಗೆ ಸಹಜವೆಂದುಕೊಂಡ ಪರದೆ ಗಂಡಿಗೆ ಹಾಕಿದೊಡನೆ ಎಷ್ಟು ನಗೆಗೇಡೆಂದು ಕಾಣುತ್ತದೆ. ವರ್ಜೀನಿಯಾ ವುಲ್ಫ್ ಅವರು 1928ರಲ್ಲಿ ಕೇಂಬ್ರಿಜ್‌ನ ಮಹಿಳಾ ಕಾಲೇಜುಗಳಲ್ಲಿ ಮಾಡಿದ ಭಾಷಣಗಳು ಮರುವರ್ಷ 'ಎ ರೂಮ್ ಆಫ್ ಒನ್ಸ್ ಓನ್' ಎಂಬ ಪುಸ್ತಕವಾದವು. ಅದರಲ್ಲಿ ಗಂಡಸರ ಕಾಲೇಜಿನ ಭರ್ಜರಿ ಮಧ್ಯಾಹ್ನದ ಊಟವನ್ನೂ ಹೆಂಗಸರ ಕಾಲೇಜಿನ ಸಪ್ಪೆ ರಾತ್ರಿಯೂಟವನ್ನೂ ಅಕ್ಕಪಕ್ಕದಲ್ಲಿಟ್ಟು, ಹೆಂಗಸರೇಕೆ ಬಡವರು ಎಂಬ ಪ್ರಶ್ನೆಗೆ ಬರುತ್ತಾರೆ. ದೊಡ್ಡ ಅರ್ಥಶಾಸ್ತ್ರದ ಪ್ರಶ್ನೆ ಒಂದು ತಟ್ಟೆಯಿಂದ ಏಳುತ್ತದೆ. ಪದವನ್ನು ಪದವಾಗಿಯೇ ಹಿಡಿಯುವುದು, ಇದ್ದುದನ್ನು ತಲೆಕೆಳಗು ಮಾಡುವುದು, ಚಿಕ್ಕದರಿಂದ ದೊಡ್ಡದಕ್ಕೆ ಹೋಗುವುದು: ಸ್ತ್ರೀವಾದಿ ಹಾಸ್ಯದ ಮೂರು ಮುಖ್ಯ ಉಪಾಯಗಳು ಇವೆಂದು ನಾನು ತಿಳಿದಿದ್ದೇನೆ.

ಈ ಮೂರು ಉಪಾಯಗಳನ್ನು ಕಲಿಯಲು ಗ್ರಂಥಾಲಯವೊಂದೇ ದಾರಿಯಲ್ಲ. ನಾನಿರುವ ಚಂದಾಪುರದಲ್ಲಿ ಅವು ಬಸ್ಸಿನಲ್ಲಿಯೇ ಸಿಗುತ್ತವೆ. ಹೊಸೂರು ರಸ್ತೆಯ ಈ ಊರು ಬೊಮ್ಮಸಂದ್ರದ ಕಾರ್ಖಾನೆಗಳಿಗೂ ಎಲೆಕ್ಟ್ರಾನಿಕ್ ಸಿಟಿಯ ಕಛೇರಿಗಳಿಗೂ ಹೋಗುವವರಿಂದ ಬೆಳಗ್ಗೆ ಕಿಕ್ಕಿರಿಯುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು, ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಾಗ, ಅವರನ್ನು ಕುರಿತ ನಗೆಚಾಟಿಕೆಗಳಿಗೆ ಬರವಿರಲಿಲ್ಲ. ಒಂದು ದಿನ ಬಸ್ಸಿನಲ್ಲಿ ನಿಂತಿದ್ದ ಗಂಡಸೊಬ್ಬರು, 'ಸೀಟೆಲ್ಲಾ ಬಿಟ್ಟಿ ಟಿಕೆಟ್‌ನೋರದೇ' ಎಂದು ಗೊಣಗಿದರು. ಕಿಟಕಿಯ ಬಳಿ ಕುಳಿತಿದ್ದ ನಡುವಯಸ್ಸಿನ ಹೆಂಗಸು ಕೈಯಲ್ಲಿದ್ದ ಸೊನ್ನೆ ರೂಪಾಯಿಯ ಟಿಕೆಟನ್ನು ಎತ್ತಿ ತೋರಿಸಿ ಅಂದರು: 'ಮೂವತ್ತು ವರ್ಷದಿಂದ ಮನೇಲಿ ಸೊನ್ನೆ ರೂಪಾಯಿಗೆ ಬೇಯಿಸಿ ಹಾಕ್ತಿದೀನಿ ಕಣಣ್ಣ. ಯಾರೂ ಒಂದು ಚೀಟಿ ಹರಿದು ಕೊಡಲಿಲ್ಲ. ಇವರಾದ್ರೂ ಸೊನ್ನೆ ಅಂತ ಬರೆದು ಲೆಕ್ಕ ಇಟ್ಟವ್ರೆ.' ಬಸ್ಸೆಲ್ಲ ನಕ್ಕಿತು, ಗೊಣಗಿದವರೂ ನಕ್ಕರು. ಲೆಕ್ಕಕ್ಕೆ ಬಾರದ ಮನೆಗೆಲಸವನ್ನು ಕುರಿತು ನಾವು ಪರೀಕ್ಷೆಗೆ ಪುಟಗಟ್ಟಲೆ ಬರೆಯುತ್ತೇವೆ. ಆ ತಾಯಿ ಅದನ್ನು ಒಂದು ಸೊನ್ನೆಯಲ್ಲಿ ಹೇಳಿಬಿಟ್ಟರು.

ನಗೆ ಕೋಪವನ್ನು ತಣಿಸುತ್ತದೆ, ಆದುದರಿಂದ ಅದು ಅನ್ಯಾಯಕ್ಕೆ ಅನುಕೂಲವೇ ಆಗುತ್ತದೆ ಎಂಬ ಆಕ್ಷೇಪಣೆಯೂ ಇದೆ. ಇದು ಗಂಭೀರವಾದ ಆಕ್ಷೇಪಣೆ, ತಳ್ಳಿಹಾಕುವಂಥದಲ್ಲ. ನನ್ನ ತಾಯಿ ಹನ್ನೊಂದು ವರ್ಷದಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಅಂಗಿಯ ಕಾಲರು ಹೊಲಿಯುವುದು ಅವರ ಕೆಲಸ. ಕೆಲವು ವರ್ಷಗಳ ಹಿಂದೆ ಅವರ ಲೈನಿನ ಸೂಪರ್‌ವೈಜರ್ ಹೆಂಗಸರು ಶೌಚಾಲಯಕ್ಕೆ ಹೋಗಿಬರುವ ನಿಮಿಷಗಳನ್ನು ಗಡಿಯಾರ ಹಿಡಿದು ಎಣಿಸತೊಡಗಿದರು. ಅವಮಾನದಿಂದ ಹಲವರು ನೀರು ಕುಡಿಯುವುದನ್ನೇ ಕಡಮೆ ಮಾಡಿದರು. ಯಾರಿಗೂ ಬಾಯಿ ತೆರೆಯುವ ಧೈರ್ಯವಿರಲಿಲ್ಲ. ಹೀಗಿರುವಾಗ ಒಬ್ಬಾಕೆ ಊಟದ ಹೊತ್ತಿನಲ್ಲಿ, 'ನಮ್ಮನೆ ಗೋಡೆ ಗಡಿಯಾರ ಕೆಟ್ಟೋಗದೆ. ಸಂಜೆ ಇವರನ್ನೇ ಕರ್ಕೊಂಡೋಗಿ ಮೊಳೆಗೆ ತಗಲಾಕ್ತೀನಿ' ಎಂದರಂತೆ. ಆ ಮಾತು ಮಧ್ಯಾಹ್ನದೊಳಗೆ ಒಂದು ಮಿಷನ್ನಿನಿಂದ ಇನ್ನೊಂದಕ್ಕೆ ಹರಿದು ಲೈನಿನ ಕೊನೆ ಮುಟ್ಟಿತು. ಅಂದಿನಿಂದ ಅವರು ಗಡಿಯಾರ ತೆಗೆದಾಗಲೆಲ್ಲ ಎಲ್ಲರಿಗೂ ಗೋಡೆಯ ಮೊಳೆ ನೆನಪಾಗುತ್ತಿತ್ತು. ವಾರದೊಳಗೆ ಲೈನಿನ ಹೆಂಗಸರೆಲ್ಲ ಒಟ್ಟಾಗಿ ಹೋಗಿ ಮೇಲಿನವರನ್ನು ಕೇಳಿದರು, ನಿಮಿಷ ಎಣಿಸುವುದು ನಿಂತಿತು. ಗಂಟೆಯ ಟಾರ್ಗೆಟ್ಟು ಮಾತ್ರ ಒಂದು ಪೀಸೂ ಇಳಿಯಲಿಲ್ಲ.

ನಗೆಯ ಶಕ್ತಿಯೂ ಮಿತಿಯೂ ಇದರಲ್ಲಿ ಎರಡೂ ಕಾಣುತ್ತವೆ. ನಗೆಯಿಂದ ಕೂಲಿ ಏರಲಿಲ್ಲ, ಕೆಲಸ ಹಗುರಾಗಲಿಲ್ಲ. ಆದರೆ ಒಬ್ಬೊಬ್ಬರೂ ತಮ್ಮ ಸ್ವಂತ ನಾಚಿಕೆಯೆಂದುಕೊಂಡು ನುಂಗುತ್ತಿದ್ದುದು ಎಲ್ಲರ ಮಾತಾಯಿತು. ಭಯವಿದ್ದಲ್ಲಿ ಯಾರೂ ಒಟ್ಟಾಗಿ ನಡೆಯಲಾರರು, ಒಟ್ಟಿಗೆ ನಕ್ಕವರು ಒಟ್ಟಿಗೆ ನಡೆಯಬಲ್ಲರು. ಸ್ವಂತದ ಸಂಗತಿಯೇ ರಾಜಕೀಯದ ಸಂಗತಿ ಎಂದು 1970ರ ಸುಮಾರಿಗೆ ಅಮೆರಿಕದ ಸ್ತ್ರೀವಾದಿಗಳು ಸಾರಿದ ತತ್ತ್ವಕ್ಕೆ ಇದಕ್ಕಿಂತ ಸರಳವಾದ ಭಾಷ್ಯ ನನಗೆ ತೋರದು. ಬರಿಯ ಅಳುವಿಗೆ ಕೇಳುವವರ ಕನಿಕರ ಸಿಗಬಹುದು. ಕನಿಕರ ತೋರುವವರು ಮೇಲೆಯೇ ನಿಂತಿರುತ್ತಾರೆ. ನಗೆ ಹಾಗಲ್ಲ, ಕೇಳುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತದೆ.

ಎರಡನೆಯ ಆಕ್ಷೇಪಣೆ: ಸ್ವಾನುಭವವನ್ನೇ ನೆಚ್ಚಿದರೆ ಬರಹ ಕಿರಿದಾಗುವುದಿಲ್ಲವೇ? ಅನುಭವವನ್ನು ಹಾಗೆಯೇ ಸುರಿದರೆ ಕಿರಿದಾಗುತ್ತದೆ, ನಿಜ. ಆದರೆ ಹಾಸ್ಯಕ್ಕೆ ಒಂದು ಶಿಸ್ತಿದೆ. ತನ್ನ ಕಷ್ಟವನ್ನು ಕುರಿತು ನಗಬೇಕಾದರೆ ಅದರಿಂದ ಒಂದು ಮಾರು ದೂರ ನಿಂತು ನೋಡಬೇಕು. ಆಗ ತನ್ನ ಕಷ್ಟದಲ್ಲಿ ಇತರರ ಪಾಲೂ, ಕೆಲವೊಮ್ಮೆ ತನ್ನ ಪಾಲೂ ಕಾಣುತ್ತದೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಕಾದಂಬರಿ ತಮ್ಮ ಬಂಧುವೊಬ್ಬರ ನಿಜವಾದ ಬಾಳನ್ನೇ ಆಧರಿಸಿದ್ದು. ಬಾಲವಿಧವೆಯೊಬ್ಬಳ ಕಥೆಯಾದರೂ ಅಲ್ಲಿ ಎದೆ ಬಡಿದುಕೊಳ್ಳುವ ಗೋಳಿಲ್ಲ. ಶಾಸ್ತ್ರದ ಹೆಸರಿನಲ್ಲಿ ಹಿರಿಯರು ಆಡುವ ಆಟಗಳನ್ನು ಲೇಖಕಿ ತಣ್ಣಗೆ ಹೇಳಿಕೊಂಡು ಹೋಗುತ್ತಾರೆ. ಆ ತಣ್ಣನೆಯ ದನಿಯಲ್ಲಿ ಸ್ಮಿತವೂ ಇದೆ, ಕಿಡಿಯೂ ಇದೆ. ಒಂದು ಮನೆಯ ಕಥೆ ಮಲೆನಾಡಿನ ಒಂದು ಕಾಲದ ಚರಿತ್ರೆಯಾಗುವುದು ಹೀಗೆ.

ಮೂರನೆಯದು, ವೈದೇಹಿಯವರನ್ನು ಅಳುಕಿಸಿದ ಆ ಹಳೆಯ ಪ್ರಶ್ನೆ: ಪರರ ಬಾಳನ್ನು ಬರೆಯುವ ಹಕ್ಕು. ಈ ಲೇಖನದ ಗಾರ್ಮೆಂಟ್ಸ್ ಪ್ರಸಂಗವನ್ನು ಬರೆದ ಮೇಲೆ ನನ್ನ ತಾಯಿಗೆ ಓದಿ ಹೇಳಿದೆ. ಅವರು ಕೇಳಿಸಿಕೊಂಡು, 'ಬರಿಯಮ್ಮ. ಅವರ ಹೆಸರು ಬೇಡ, ಫ್ಯಾಕ್ಟ್ರಿ ಹೆಸರೂ ಬೇಡ. ನಾವು ನಕ್ಕಿದ್ದನ್ನ ಮಾತ್ರ ಬಿಡಬೇಡ' ಎಂದರು. ಹೆಸರಿಲ್ಲದಿದ್ದರೆ ಸಂಗತಿ ಸುಳ್ಳಾಗುವುದಿಲ್ಲ. ನಗೆಯನ್ನು ಬಿಟ್ಟಿದ್ದರೆ ಸುಳ್ಳಾಗುತ್ತಿತ್ತು, ಏಕೆಂದರೆ ಆ ಹೆಂಗಸರು ಬರಿಯ ನೊಂದವರಾಗಿ ಉಳಿದುಬಿಡುತ್ತಿದ್ದರು. ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ವಿಮರ್ಶಾಸೂತ್ರ ನನಗೆ ಯಾವ ಗ್ರಂಥದಲ್ಲಿಯೂ ಸಿಕ್ಕಿಲ್ಲ.

ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ನಮ್ಮಲ್ಲಿ ಅನೇಕರು ನಮ್ಮ ಮನೆಗಳಿಂದ ಕಾಲೇಜಿನ ಮೆಟ್ಟಲು ಹತ್ತಿದ ಮೊದಲಿಗರು. ಬರೆಯಲು ಕುಳಿತೊಡನೆ ನಾವು ಚಂದ್ರನನ್ನೂ ಕಡಲನ್ನೂ ಕರೆಯುತ್ತೇವೆ. ಕಡಲನ್ನು ನಮ್ಮಲ್ಲಿ ಎಷ್ಟು ಜನ ಕಂಡಿದ್ದೇವೋ! ನಮ್ಮ ತಾಯಂದಿರು ನಲ್ಲಿಯ ಬಳಿ, ಬಸ್ಸಿನಲ್ಲಿ, ಊಟದ ಡಬ್ಬಿಯ ಮುಂದೆ ಆಡುವ ಮಾತುಗಳು ಯಾವ ಪುಸ್ತಕದಲ್ಲಿಯೂ ಇನ್ನೂ ಅಚ್ಚಾಗಿಲ್ಲ. ಅವನ್ನು ಆಡಿದವರ ಅನುಮತಿ ಕೇಳಿ ಬರೆದಿಡೋಣ. ಹುಡುಗರೂ ಬರೆಯಲಿ, ಅವರ ಮನೆಯಲ್ಲಿಯೂ ತಾಯಂದಿರಿದ್ದಾರೆ. ನಗೆ ಯಾರ ಮೇಲೆ ಬೀಳುತ್ತಿದೆಯೆಂಬ ಎಚ್ಚರವೊಂದಿದ್ದರೆ ಸಾಕು. ಮುಂದಿನ ವರ್ಷದ ಸಂಚಿಕೆಯಲ್ಲಿ ಅಂಥ ಹತ್ತು ಬರಹಗಳಾದರೂ ಬಂದರೆ, ಹೆಣ್ಣಿಗೆ ನಗಲು ಬಾರದೆಂಬ ಚರ್ಚಾಸ್ಪರ್ಧೆಯ ವಿಷಯವನ್ನು ನಮ್ಮ ಕಾಲೇಜಿನ ಮಟ್ಟಿಗಾದರೂ ಕೈಬಿಡಬಹುದು.